ಮೊದಲ ಹಳೆ ಕಾರು: ಬ್ರೇಕ್ ಮೊದಲು, ಬಣ್ಣ ಕೊನೆಗೆ

ಅಣ್ಣನ ಮಗ ಎರಡನೇ ವರ್ಷದ ಬಿ.ಇ. ಓದುತ್ತಿದ್ದಾಗ 1992ರ ಒಂದು ಮಾರುತಿ 800 ಕಾರನ್ನು 30 ಸಾವಿರಕ್ಕೆ ಮಾತಾಡಿಕೊಂಡು ಬಂದ. ಬೆಂಗಳೂರಿನ ಹನುಮಂತನಗರದ ಒಂದು ಮನೆ ಮುಂದೆ, ಹೊಂಗೆಮರದ ಕೆಳಗೆ, ಆರು ವರ್ಷದಿಂದ ನಿಂತಿದ್ದ ಗಾಡಿ. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ವೈಪರ್ ಕೆಳಗಿನ ಸಂದಿಯಲ್ಲಿ ಎಲೆ ಕೊಳೆತು ಗೊಬ್ಬರವಾಗಿ, ಅದರಲ್ಲೊಂದು ಸಸಿ ಎದ್ದಿತ್ತು. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದವನು ಕೇಳಿದ ಮೊದಲ ಪ್ರಶ್ನೆ: "ಚಿಕ್ಕಪ್ಪ, ಯಾವ ಬಣ್ಣ ಹೊಡೆಸೋಣ?"

ಹಳೆ ಕಾರಿನ ಹುಚ್ಚು ಹಿಡಿದ ಹುಡುಗ ಹುಡುಗಿಯರು ಬಹಳಷ್ಟು ಸಲ ಇಲ್ಲಿಂದಲೇ ಶುರು ಮಾಡುತ್ತಾರೆ. ಎರಡು ವಾರದಲ್ಲಿ ಕಾರು ಪೂರ್ತಿ ಬಿಚ್ಚಿ ಹರಡಿರುತ್ತದೆ, ಮೂರನೇ ವಾರ ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಬರುತ್ತವೆ, ಆರನೇ ತಿಂಗಳಿಗೆ ಅಮ್ಮ ಗುಜರಿಯವನಿಗೆ ಫೋನ್ ಮಾಡುತ್ತಾರೆ. ಇಂಥ ಮೂರು ಕಾರು ನನ್ನ ಕಣ್ಣೆದುರೇ ತೂಕಕ್ಕೆ ಹೋಗಿವೆ. ಅದಕ್ಕೇ ನನ್ನದೊಂದು ಹಟ: ಮೊದಲು ಕಾರು ನಿಲ್ಲುವುದನ್ನು ಕಲಿಯಲಿ, ಆಮೇಲೆ ಓಡಲಿ, ಆಮೇಲೆ ಅದರ ತುಕ್ಕು ಬಿಡಿಸೋಣ, ಬಣ್ಣದ ಮಾತು ಕಟ್ಟಕಡೆಗೆ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಬೇಕು. ಅದು ಮುಗಿದು ಮುಚ್ಚುವ ತನಕ ಇನ್ನೊಂದರ ಬೋಲ್ಟ್ ಮುಟ್ಟುವಂತಿಲ್ಲ.

ಯಾವ ಕಾರು

ಮೊದಲ ಕಾರಿಗೆ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಮಾರುತಿ 800 ಬಿಟ್ಟು ಬೇರೆ ಯಾವುದನ್ನೂ ನಾನು ಹೇಳುವುದಿಲ್ಲ. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿ ಕೈಗೆ ಬಂದಾಗಿನಿಂದ 2014ರ ಜನವರಿಯವರೆಗೆ ಈ ಕಾರು ತಯಾರಾಯಿತು. 1986ರಲ್ಲಿ ಬಾಡಿ ಬದಲಾಯಿತು. ಇವತ್ತು ನಿಮಗೆ ಸಿಗುವುದು ಹೆಚ್ಚುಕಡಿಮೆ ಅದಾದ ಮೇಲಿನವೇ. ಇದರ 796 ಸಿಸಿ, ಮೂರು ಸಿಲಿಂಡರ್ ಇಂಜಿನ್ನೇ ಓಮ್ನಿಗೂ ಇತ್ತು. ಓಮ್ನಿ 2019ರವರೆಗೂ ಬಂದದ್ದರಿಂದ ಇಂಜಿನ್ನಿನ ಸಾಮಾನು ಮೂಲೆ ಅಂಗಡಿಯಲ್ಲೂ ಸಿಗುತ್ತದೆ. ಗಾಡಿ ಹಗುರ, ಇಬ್ಬರು ಸುಲಭವಾಗಿ ತಳ್ಳಬಹುದು. ಇಂಜಿನ್ನಿನ ಸುತ್ತ ಕೈ ಹೋಗುವಷ್ಟು ಜಾಗ ಇದೆ. ಎಲ್ಲಕ್ಕಿಂತ ಮುಖ್ಯ, ಕಾರ್ಬುರೇಟರ್ ಮತ್ತು ಪ್ಲ್ಯಾಟಿನಂ ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು) ಇರುವ ಗಾಡಿಯಲ್ಲಿ ಏನಾಗುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂದ ಮೇಲಿನ ಗಾಡಿಯಲ್ಲಿ ಸೆನ್ಸರ್ ಬದಲಿಸುವುದನ್ನು ಕಲಿಯುತ್ತೀರಿ. ಇಂಜಿನ್ ಯಾಕೆ ಓಡುತ್ತದೆ ಎಂದು ಕಲಿಯುವುದು ಕಡಿಮೆ.

ಪದ್ಮಿನಿ ಚೆಂದ, ಒಪ್ಪುತ್ತೇನೆ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದ ಗೇರು, ನೋಡಿದರೆ ನನಗೂ ಆಸೆಯಾಗುತ್ತದೆ. ಆದರೆ ಅದರ ಬಂಪರ್, ಗ್ರಿಲ್ಲು, ದೀಪದ ರಿಂಗು ಹುಡುಕಿಕೊಂಡು ಅಲೆಯುವುದರಲ್ಲೇ ಒಂದು ವರ್ಷ ಹೋಗುತ್ತದೆ. ಅಂಬಾಸಿಡರ್‌ಗೆ ಜಾಗವೇ ಬೇಕು. ಅವೆರಡೂ ಎರಡನೇ ಕಾರಾಗಲಿ. ಅಂಥವನ್ನು ಕಣ್ತುಂಬ ನೋಡಬೇಕಾದರೆ ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯಕ್ಕೆ ಹೋಗಿಬನ್ನಿ.

ಕಾಗದ ನೋಡದೆ ಕಾಸು ಬಿಚ್ಚಬೇಡಿ

ಕಾರು ಎಷ್ಟೇ ಚೆನ್ನಾಗಿರಲಿ, ಆರ್.ಸಿ. ಇಲ್ಲದಿದ್ದರೆ ಅದು ಬಿಡಿಭಾಗದ ಗುಡ್ಡೆ. ಆರ್.ಸಿ.ಯಲ್ಲಿರುವ ಚಾಸಿಸ್ ನಂಬರ್ ಮತ್ತು ಇಂಜಿನ್ ನಂಬರನ್ನು ಬಾನೆಟ್ ಎತ್ತಿ, ಕೊಳೆ ಕೆರೆದು, ಟಾರ್ಚ್ ಹಿಡಿದು ನೀವೇ ಓದಬೇಕು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರೆ ಇನ್ನೂ ಒಳ್ಳೆಯದು, ಮುಂದೆ ಆರ್.ಟಿ.ಒ.ದಲ್ಲಿ ಹೇಗೂ ಬೇಕಾಗುತ್ತದೆ. ಮಧ್ಯದಲ್ಲೆಲ್ಲೋ ಇಂಜಿನ್ ಬದಲಾಯಿಸಿ ಆರ್.ಸಿ.ಗೆ ಏರಿಸದೇ ಬಿಟ್ಟ ಗಾಡಿ ಸಿಕ್ಕರೆ ಕೈ ಮುಗಿದು ಬಂದುಬಿಡಿ.

ಮಾಲೀಕತ್ವ ಬದಲಿಸಲು ಫಾರಂ 29 ಮತ್ತು 30. ಬೇರೆ ಆರ್.ಟಿ.ಒ. ವ್ಯಾಪ್ತಿಯಿಂದ ತರುವುದಾದರೆ ಎನ್.ಒ.ಸಿ.ಗೆ ಫಾರಂ 28. ಹಳೆ ಸಾಲದ ಬ್ಯಾಂಕಿನ ಹೆಸರು ಆರ್.ಸಿ.ಯಲ್ಲಿ ಹಾಗೇ ಉಳಿದಿದ್ದರೆ ಫಾರಂ 35ಕ್ಕೆ ಬ್ಯಾಂಕಿನವರ ಸಹಿ ಬೇಕು. ಮಾಲೀಕರು ತೀರಿಹೋಗಿದ್ದರೆ ವಾರಸುದಾರರು ಮೊದಲು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಬೇಕು. ನಮ್ಮ ಹಳೆ ಬಡಾವಣೆಗಳಲ್ಲಿ ನಿಂತ ಎಷ್ಟೋ ಕಾರುಗಳ ಕಥೆ ಇದೇ. "ಅಪ್ಪನ ಗಾಡಿ, ಸಹಿ ನಾವೇ ಹಾಕಿಕೊಡ್ತೀವಿ ಬಿಡಿ" ಎಂದರೆ ಒಪ್ಪಬೇಡಿ. ಗಾಡಿ ನಂಬರಿನ ಮೇಲೆ ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದೂ ನೋಡಿ.

ಇನ್ನು ದುಡ್ಡಿನ ಲೆಕ್ಕ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು, ಅದಕ್ಕೆ ಫಾರಂ 25. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿದರು. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ಮೂರು ವರ್ಷದ ಹಿಂದೆ ಅವಧಿ ಮುಗಿದ ಗಾಡಿಗೆ ಅಲ್ಲಿಗೇ 18 ಸಾವಿರ ತಡದ ಬಾಬ್ತು, ಶುಲ್ಕ ಸೇರಿ 28 ಸಾವಿರ. ಹಸಿರು ತೆರಿಗೆ, ವಿಮೆ, ಎಚ್‌ಎಸ್‌ಆರ್‌ಪಿ ಪ್ಲೇಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಈ ಲೆಕ್ಕವನ್ನು ಬೆರಳು ಮಡಚಿ ಹೇಳಿದಾಗ ನಮ್ಮ ಹುಡುಗ ಮಾರುವವರ ಬಳಿ ಮತ್ತೆ ಹೋಗಿ 30ನ್ನು 22ಕ್ಕೆ ಇಳಿಸಿಕೊಂಡು ಬಂದ. ತಿಂಗಳಿಗೆ 500ರ ಗಡಿಯಾರ ಓಡುತ್ತಿರುತ್ತದೆ ಅನ್ನುವುದೂ ಬಣ್ಣವನ್ನು ಕೊನೆಗಿಡಲು ನನ್ನ ಒಂದು ಕಾರಣ. ಬ್ರೇಕು, ಇಂಜಿನ್ನು, ದೀಪ, ತಳ ಸರಿಯಾದ ತಕ್ಷಣ ಗಾಡಿ ತೋರಿಸಿ ಆರ್.ಸಿ. ಮಾಡಿಸಿಬಿಡಿ, ಅಂದಚೆಂದ ಆಮೇಲೆ ನಿಧಾನವಾಗಿ ಆಗಲಿ.

"ವಿಂಟೇಜ್ ಅಂತ ಮಾಡಿಸಿಬಿಡಿ" ಎಂದು ಯಾರಾದರೂ ಬುದ್ಧಿ ಹೇಳುತ್ತಾರೆ. 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ದಿನಬಳಕೆಗೆ ಅದನ್ನು ರಸ್ತೆಗಿಳಿಸುವ ಹಾಗೂ ಇಲ್ಲ. ನಮ್ಮ 800ಕ್ಕೆ ಆ ಯೋಗ ಇನ್ನೂ ದೂರ.

ಕೊಳ್ಳುವ ಮುನ್ನ: ಮ್ಯಾಗ್ನೆಟ್, ಸ್ಕ್ರೂಡ್ರೈವರ್, ಹಳೆ ಪ್ಯಾಂಟು

ಇಂಜಿನ್ ಕೆಟ್ಟಿದ್ದರೆ ಹೆದರಬೇಡಿ. ಬಾಡಿ ಕೆಟ್ಟಿದ್ದರೆ ಮಾತ್ರ ಹೆದರಿ. ಇಂಜಿನ್ ಇನ್ನೊಂದು ಸಿಗುತ್ತದೆ, ತುಕ್ಕು ತಿಂದ ತಗಡನ್ನು ಬೆಸೆದು ಕೂರಿಸುವ ಕೂಲಿ ಮೀಟರಿನ ಹಾಗೆ ಏರುತ್ತದೆ.

ಹಳೆ ಪ್ಯಾಂಟು ಹಾಕಿಕೊಂಡು ಹೋಗಿ, ನೆಲದ ಮೇಲೆ ಮಲಗಿ ನೋಡಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ರಟ್ಟಿನ ಹಾಗೆ ದಬ್ ಎನ್ನುತ್ತದೆ. ತಗ್ಗು ಮುಚ್ಚಲು ಪುಟ್ಟಿ ದಪ್ಪಗೆ ಬಳಿದಿರುವ ಕಡೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಬ್ಯಾಟರಿ ಟ್ರೇ, ಡಿಕ್ಕಿಯ ಸ್ಟೆಪ್ನಿ ಗುಂಡಿ, ಬಾಗಿಲುಗಳ ಕೆಳ ಅಂಚು, ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ಗಡೆ ಕೂರುವ ಜಾಗ, ಇವೆಲ್ಲ ತುಕ್ಕಿನ ತವರು. ಕೊನೆಯದು ಕೊಳೆತಿದ್ದರೆ ಆ ಕಾರು ಬೇಡ.

ಕಡೆಗೆ ಕಾಲಡಿಯ ಮ್ಯಾಟು ಎತ್ತಿಸಿ. ಮಾರುವವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ನಮ್ಮ ಕಾರಿನಲ್ಲಿ ಡ್ರೈವರ್ ಕಡೆ ಮ್ಯಾಟು ಎತ್ತಿದರೆ ಕೆಳಗಿನ ಫೆಲ್ಟು ಒದ್ದೆ ಬಟ್ಟೆಯ ಹಾಗೆ ನೀರು ಕಾರಿತು. ಅದನ್ನೂ ಸರಿಸಿದಾಗ ಕಂದು ಬಣ್ಣದ ಪುಡಿ, ನಾಲ್ಕಾಣೆಯ ಒಂದು ನಾಣ್ಯ, ಒಂದು ಹೇರ್‌ಪಿನ್ನು. ಹುಡುಗ ಬೆರಳಿಟ್ಟು ಒತ್ತಿದ. ಬೆರಳು ಆಚೆ ಹೋಯಿತು, ಕೆಳಗಿನ ಹೊಂಗೆ ಎಲೆ ತಾಕಿತು. ಆದರೂ ಕೊಂಡೆವು; ತೂತು ಅಂಗೈಯಗಲ ಇತ್ತು, ಸುತ್ತಲ ತಗಡು ಗಟ್ಟಿ ಇತ್ತು, ಬಲಗಡೆ ಒಂದೇ ಪಕ್ಕ. ನೀರು ಬಂದದ್ದು ಮುಂದಿನ ಗಾಜಿನ ಒಣಗಿದ ರಬ್ಬರಿನಿಂದ.

ಜಾಗ, ಹತ್ಯಾರ, ಹಾಲಿನ ಕವರು

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಈ ಕೆಲಸ ಆಗುವುದಿಲ್ಲ. ಮೊದಲ ಸಲ ಪೆಟ್ರೋಲ್ ವಾಸನೆ ಬಂದ ದಿನವೇ ಅಸೋಸಿಯೇಷನ್‌ನವರು ಬರುತ್ತಾರೆ, ಬರಬೇಕಾದ್ದೇ. ರಸ್ತೆಬದಿಯೂ ಬೇಡ. ಗಾಳಿ ಆಡುವ, ಗಟ್ಟಿ ನೆಲವಿರುವ, ಮೇಲೊಂದು ಶೀಟು ಇರುವ ಜಾಗ ಬೇಕು. ನಮಗೆ ಸಂಬಂಧಿಕರ ಮನೆಯ ಹಿಂದಿನ ಶೆಡ್ಡು ಸಿಕ್ಕಿತು. ಅಲ್ಲಿಗೆ ಗಾಡಿಯನ್ನು ಟೋಯಿಂಗ್ ಲಾರಿಯ ಮೇಲೆ ತನ್ನಿ, ಆರ್.ಸಿ. ಅವಧಿ ಮುಗಿದ, ಬ್ರೇಕಿಲ್ಲದ ಕಾರನ್ನು ಹಗ್ಗ ಕಟ್ಟಿ ಎಳೆಯುವ ಸಾಹಸ ಬೇಡ.

ಹತ್ಯಾರ ಒಟ್ಟಿಗೆ ಕೊಳ್ಳಬೇಡಿ. 8ರಿಂದ 19ರವರೆಗಿನ ರಿಂಗ್ ಮತ್ತು ಫಿಕ್ಸ್ ಸ್ಪ್ಯಾನರ್, ಒಂದು ಸಾಕೆಟ್ ಸೆಟ್, ಸ್ಕ್ರೂಡ್ರೈವರ್, ಪ್ಲೈಯರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ಬೋಲ್ಟನ್ನು ಅಳತೆಯಾಗಿ ಬಿಗಿಯುವ ಟಾರ್ಕ್ ರೆಂಚ್ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಎಲ್ಲ ಸಿಗುತ್ತದೆ. ದುಡ್ಡು ಉಳಿಸಬಾರದ ಒಂದೇ ವಸ್ತು, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡು. ಜಾಕ್ ಇರುವುದು ಎತ್ತಲು ಮಾತ್ರ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಹಾಲೋ ಬ್ಲಾಕ್ ಮತ್ತು ಇಟ್ಟಿಗೆ ಯಾವ ಸೂಚನೆಯನ್ನೂ ಕೊಡದೆ ಸಿಡಿದು ಕೂರುತ್ತವೆ, ಅವನ್ನು ಹತ್ತಿರವೂ ತರಬೇಡಿ. ಸ್ಟ್ಯಾಂಡ್ ಇಟ್ಟ ಮೇಲೆ ಬಿಚ್ಚಿದ ಚಕ್ರವನ್ನೂ ಕಾರಿನಡಿ ಮಲಗಿಸಿಡಿ.

ಬಿಚ್ಚುವ ಮೊದಲು ಫೋನಿನಲ್ಲಿ ಫೋಟೊ ತೆಗೆಯಿರಿ, ನಾಲ್ಕು ಕಡೆಯಿಂದ. ಬಿಚ್ಚಿದ ಬೋಲ್ಟುಗಳಿಗೆ ತೊಳೆದು ಒಣಗಿಸಿದ ನಂದಿನಿ ಹಾಲಿನ ಕವರಿನಷ್ಟು ಒಳ್ಳೆ ಚೀಲ ಇಲ್ಲ: ಮಾರ್ಕರ್‌ನಲ್ಲಿ "ಎಡ ಹಿಂದೆ, ಡ್ರಮ್" ಎಂದು ಬರೆದು ರಬ್ಬರ್‌ಬ್ಯಾಂಡ್ ಹಾಕಿ. ಅತ್ತಿಗೆ ನಮಗಾಗಿ ಅರವತ್ತು ಕವರು ಕೂಡಿಟ್ಟಿದ್ದರು.

ಮೊದಲ ತಿಂಗಳು: ಬ್ರೇಕ್

ನಿಂತ ಕಾರಿನಲ್ಲಿ ಮೊದಲು ಸಾಯುವುದು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಸಿಲಿಂಡರಿನೊಳಗೇ ತುಕ್ಕು ಹಿಡಿಸುತ್ತದೆ, ಒಳಗಿನ ರಬ್ಬರ್ ಸೀಲುಗಳು ಕಚ್ಚಿಕೊಳ್ಳುತ್ತವೆ.

ಒಂದೊಂದೇ ಚಕ್ರ ಹಿಡಿಯಿರಿ. ಇನ್ನೊಂದು ಬದಿ ಜೋಡಿಸಿದ ಹಾಗೇ ಇದ್ದರೆ, ಸ್ಪ್ರಿಂಗ್ ಯಾವ ಕಡೆ ಎಂದು ಮರೆತಾಗ ಹೋಗಿ ನೋಡಬಹುದು. ಹಿಂದಿನ ಡ್ರಮ್ ಬಿಚ್ಚಿದಾಗ ಬರುವ ಕರಿ ಪುಡಿಯನ್ನು ಊದಬೇಡಿ, ಗಾಳಿ ಹೊಡೆಯಬೇಡಿ; ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕಟ್ಟಿ ಎಸೆಯಿರಿ. ಚಕ್ರದಲ್ಲಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವಂಥ ಗುಳಿ ಇದ್ದರೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೂ ಇದೇ ಮಾತು. ರಬ್ಬರ್ ಹೋಸುಗಳನ್ನು ನೋಡುವುದೇ ಬೇಡ, ಹೊಸದು ಹಾಕಿ. ಕಬ್ಬಿಣದ ಪೈಪಿನ ಮೇಲೆ ಹೊಪ್ಪಳೆ ಎದ್ದಿದ್ದರೆ ಅದೂ ಹೊಸದಾಗಲಿ. ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಎಣ್ಣೆ ಬಿಟ್ಟು ಎಳೆದಾಡಿ, ಸಡಿಲವಾಗದಿದ್ದರೆ ಬದಲಿಸಿ.

ಆಮೇಲೆ ಗಾಳಿ ತೆಗೆಯುವುದು, ಅಂದರೆ ಬ್ಲೀಡಿಂಗ್. ಇದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ. ಚಕ್ರದ ಹಿಂದೆ ಗಾಳಿ ಬಿಡಲೆಂದೇ ಇರುವ ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿ ಸ್ವಲ್ಪ ಹೊಸ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ನಾನು ಕೆಳಗೆ, ಹುಡುಗ ಸೀಟಿನಲ್ಲಿ.

"ಒತ್ತು... ಒತ್ತು... ಒತ್ತಿ ಹಿಡ್ಕೊ."
"ಹಿಡ್ಕೊಂಡೆ."
ನಿಪ್ಪಲ್ ಕಾಲು ಸುತ್ತು ಬಿಟ್ಟೆ. ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್, ಹಿಂದೆಯೇ ಗುಳ್ಳೆಗಳ ಸಾಲು.
"ಚಿಕ್ಕಪ್ಪ, ಪೆಡಲ್ ಕೆಳಗೆ ಹೋಯ್ತು!"
"ಹೋಗ್ಲಿ, ಕಾಲು ಎತ್ತಬೇಡ." ನಿಪ್ಪಲ್ ಬಿಗಿ ಮಾಡಿದೆ. "ಈಗ ಬಿಡು."

ಕಾಲು ಮೊದಲೇ ಎತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ನಮ್ಮವನು ಎರಡು ಸಲ ಎತ್ತಿದ, ಎರಡು ಸಲ ಮೊದಲಿನಿಂದ ಮಾಡಿದೆವು. ಗುಳ್ಳೆ ನಿಂತು ಆಯಿಲ್ ತಿಳಿಯಾಗುವ ತನಕ ಮುಂದುವರಿಸಿ, ಮಧ್ಯೆ ಮಧ್ಯೆ ಮೇಲಿನ ಡಬ್ಬಿ ತುಂಬುತ್ತಿರಿ. ಅದು ಖಾಲಿಯಾದರೂ ಮತ್ತೆ ಮೊದಲಿನಿಂದಲೇ. ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದಿರಲಿ, ಸೀಲ್ ಒಡೆಯದ ಡಬ್ಬಿ. ಕೊನೆಗೆ ಪೆಡಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿ ಹಿಡಿದು ನೋಡಿ. ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಈ ಕೆಲಸ ಮುಗಿದ ದಿನ ಒಬ್ಬ ಅನುಭವಿ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಪರೀಕ್ಷೆ ಮಾಡಿಸಿ. ಇಲ್ಲಿ ನಾಚಿಕೆ ಬೇಡ.

ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಲು ಕಲಿಯಿರಿ: 2318 ಎಂದರೆ 2018ರ 23ನೇ ವಾರ. ಗ್ರಿಪ್ಪಿನ ಗೀರು ಎಷ್ಟೇ ಆಳವಿದ್ದರೂ ಆರು ವರ್ಷ ಒಂದೇ ಭಂಗಿಯಲ್ಲಿ ನಿಂತ ಟೈರು ಬೇಡ. 12 ಇಂಚಿನ ಪುಟ್ಟ ಚಕ್ರ, ನಾಲ್ಕು ಹೊಸದು ಹಾಕಿದರೂ ಜೇಬು ಪೂರ್ತಿ ಹರಿಯುವುದಿಲ್ಲ.

ಇಂಜಿನ್ ಎಬ್ಬಿಸುವುದು

ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವ ಆಸೆಯನ್ನು ಹದಿನೈದು ದಿನ ತಡೆದುಕೊಳ್ಳಿ. ಒಣಗಿದ ಪಿಸ್ಟನ್ ರಿಂಗು ಸಿಲಿಂಡರಿಗೆ ಕಚ್ಚಿಕೊಂಡಿದ್ದರೆ ಆ ಒಂದು ಸೆಲ್ಫಿಗೇ ಇಂಜಿನ್ ಹಾಳಾಗಬಹುದು.

ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ರಂಧ್ರಕ್ಕೆ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನಿರಿ. ಮೂರನೇ ದಿನ ಗೇರು ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಬೋಲ್ಟ್ ಬಿಗಿಯಾಗುವ ದಿಕ್ಕಿನಲ್ಲಿ ಕೈಯಿಂದ ತಿರುಗಿಸಿ. ಸಲೀಸಾಗಿ ಎರಡು ಸುತ್ತು ಬಂದರೆ ಅರ್ಧ ಗೆದ್ದಂತೆ. ಬಾರದಿದ್ದರೆ ಉದ್ದನೆ ಪೈಪು ಹಾಕಿ ಬಲ ಬಿಡಬೇಡಿ, ಇನ್ನೊಂದಿಷ್ಟು ಎಣ್ಣೆ ಬಿಟ್ಟು ಇನ್ನೊಂದು ವಾರ ಕಾಯಿರಿ.

ಅಷ್ಟರಲ್ಲಿ ಬೇರೆ ಕೆಲಸ ಇದೆ. ಹಳೆ ಇಂಜಿನ್ ಆಯಿಲ್ ಇಳಿಸಿ ಹೊಸ ಫಿಲ್ಟರ್, ಹೊಸ ಆಯಿಲ್. ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಕುಣಿಸುವ ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ, ರಬ್ಬರಿಗೆ ವಯಸ್ಸಾಗಿರುತ್ತದೆ. ಪುಲ್ಲಿಗಳ ಗುರುತುಗಳನ್ನು ಕೂಡಿಸುವ ಆ ಕೆಲಸವನ್ನು ಮೊದಲ ಸಲ ಬಲ್ಲವರ ಪಕ್ಕ ನಿಂತು ಮಾಡಿ. ರೇಡಿಯೇಟರ್ ತೊಳೆಸಿ. ನಮ್ಮೂರ ಬೋರ್‌ವೆಲ್ ನೀರು ಗಡಸು, ಪಾತ್ರೆಗೆ ಬಿಳಿ ಪದರ ಕಟ್ಟುವ ಹಾಗೆ ಇಂಜಿನ್ನಿನೊಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಮಾತ್ರ. "ಥರ್ಮೋಸ್ಟಾಟ್ ತೆಗೆದು ಬಿಸಾಕಿ ಸಾರ್, ಹೀಟ್ ಆಗಲ್ಲ" ಎನ್ನುವ ಸಲಹೆ ಎಲ್ಲ ಗ್ಯಾರೇಜಿನಲ್ಲೂ ಉಚಿತವಾಗಿ ಸಿಗುತ್ತದೆ. ಅದು ಇಂಜಿನ್ ಬಿಸಿಯಾಗುವ ತನಕ ನೀರನ್ನು ತಡೆದಿಡುವ ಕವಾಟ; ತೆಗೆದರೆ ಇಂಜಿನ್ ಸರಿಯಾದ ಬಿಸಿಗೇ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಹೊಸದು ಹಾಕಿ, ಫ್ಯಾನ್ ತಾನಾಗಿ ತಿರುಗುತ್ತದೆಯೇ ನೋಡಿ.

ಪೆಟ್ರೋಲ್ ಟ್ಯಾಂಕ್ ಇಳಿಸಿ ಹಳೆಯದನ್ನು ಚೆಲ್ಲಿ. ವಾರ್ನಿಶ್ ವಾಸನೆಯ, ಜೇನಿನ ಬಣ್ಣದ ಅಂಟು ನಮ್ಮದರಲ್ಲಿತ್ತು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. 1992ರ ರಬ್ಬರ್ ಅದಕ್ಕೆ ಮಾಡಿದ್ದಲ್ಲ, ಉಬ್ಬುತ್ತದೆ, ಬಿರುಕು ಬಿಡುತ್ತದೆ. ಎಥನಾಲ್ ತಡೆಯುವ ಫ್ಯುಯೆಲ್ ಹೋಸನ್ನೇ ಕೇಳಿ ತಂದು ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಲ್ಲ ಬದಲಿಸಿ, ಫ್ಯುಯೆಲ್ ಪಂಪ್ ಮತ್ತು ಕಾರ್ಬುರೇಟರ್‌ಗೆ ಹೊಸ ಕಿಟ್ ಹಾಕಿ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬೇಡಿ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳನ್ನು ತಂತಿಯಿಂದ ಚುಚ್ಚಬಾರದು, ತೂತಿನ ಅಳತೆ ಕೆಡುತ್ತದೆ. ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು.

ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ., ಪಾಯಿಂಟ್ ಗ್ಯಾಪ್ 0.4ರಿಂದ 0.5. ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, ಅಂದರೆ ಫೈರಿಂಗ್ ಕ್ರಮ, 1-3-2. ಈಗ ಬ್ಯಾಟರಿ ಹಾಕಿ, ಪ್ಲಗ್ ಇಲ್ಲದೆಯೇ, ಕಾಯಿಲ್ ವೈರು ಕಳಚಿಟ್ಟು, ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವ ತನಕ ಸೆಲ್ಫ್ ಹೊಡೆಯಿರಿ. ಆಗಲೇ ಮೂರೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ, ಅಳೆದುಬಿಡಿ. ಮೂರೂ ಹತ್ತಿರ ಹತ್ತಿರ ಇದ್ದರೆ ನೆಮ್ಮದಿ. ಒಂದು ಮಾತ್ರ ತೀರಾ ಕಡಿಮೆಯಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗಿನ ತೊಂದರೆ, ಏರದಿದ್ದರೆ ವಾಲ್ವಿನದು. ಹೆಡ್ ಬಿಚ್ಚಬೇಕಾಗಿ ಬಂದರೂ ಇಂಜಿನ್ ಪೂರ್ತಿ ಇಳಿಸುವ ಉತ್ಸಾಹ ಬೇಡ.

ನಮ್ಮದು ಹತ್ತನೇ ಸೆಲ್ಫಿಗೆ ಕೆಮ್ಮಿ, ಹನ್ನೊಂದಕ್ಕೆ ಎದ್ದಿತು. ಬಿಟ್ಟಿದ್ದ ಎಣ್ಣೆಯೆಲ್ಲ ಉರಿದು ಶೆಡ್ಡು ಪೂರ್ತಿ ನೀಲಿ ಹೊಗೆ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನಾಚೆಯಿಂದ "ಏನು ಸುಟ್ಟಿತ್ರೋ?" ಎಂದು ಕೂಗಿದರು.

ಸಾಮಾನು ಎಲ್ಲಿ

ಟೌನ್‌ಹಾಲ್‌ನಿಂದ ಮಿನರ್ವ ವೃತ್ತದ ಕಡೆಗೆ ಜೆ.ಸಿ. ರಸ್ತೆಯಲ್ಲಿ ನಡೆದರೆ ಎರಡೂ ಬದಿ ಇದೇ ವ್ಯಾಪಾರ: ಬಿಡಿಭಾಗ, ಗಾಜು, ಬೀಡಿಂಗು, ಸೀಟ್ ಕವರು. ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ; ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ನಡೆಯಿರಿ. ಹಳೆಯ ಭಾಗ ಕೈಯಲ್ಲಿ ಹಿಡಿದೇ ಹೋಗಿ. "800ರದ್ದು" ಎಂದರೆ ನಾಲ್ಕು ಬಗೆ ತೋರಿಸುತ್ತಾರೆ, ಕೌಂಟರ್ ಮೇಲೆ ಹಳೆಯದನ್ನು ಇಟ್ಟರೆ ಒಂದೇ. ಮತ್ತೆ ಸಿಗದ ಬಾಗಿಲು, ಡಿಕ್ಕಿ, ದೀಪ, ಡ್ಯಾಶ್‌ಬೋರ್ಡಿನ ತುಂಡು, ಇವಕ್ಕೆ ಶಿವಾಜಿನಗರದ ಗುಜರಿ ಸಾಲು. ಅಲ್ಲಿ ಹೇಳಿದ ಬೆಲೆಗೆ ಕೊಂಡರೆ ಅಂಗಡಿಯವರೇ ಬೇಜಾರು ಮಾಡಿಕೊಂಡಾರು, ಚೌಕಾಸಿ ಮಾಡಿ. ಆದರೆ ಬ್ರೇಕು ಮತ್ತು ಸ್ಟೀರಿಂಗಿನ ಯಾವ ಸಾಮಾನನ್ನೂ ಗುಜರಿಯಲ್ಲಿ ಕೊಳ್ಳಬೇಡಿ. ಪ್ಲ್ಯಾಟಿನಂ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಅಗ್ಗದ್ದೊಂದನ್ನು ತಂದು ನಾನೇ ಪೆಟ್ಟು ತಿಂದಿದ್ದೇನೆ: ಬಿಸಿಯಾದಾಗ ಸಾಯುತ್ತಿತ್ತು, ತಣ್ಣಗಾದಾಗ ಬದುಕುತ್ತಿತ್ತು. ಅದನ್ನು ಹಿಡಿಯುವಷ್ಟರಲ್ಲಿ ಕಾರ್ಬುರೇಟರ್ ಎರಡು ಸಲ ಬಿಚ್ಚಿ ಮುಚ್ಚಿದ್ದೆವು.

ವೈರಿಂಗ್

ಇದರಲ್ಲಿ ಹೇಳುವುದು ಕಡಿಮೆ. ಹಿಂದಿನ ಮಾಲೀಕರು ಸ್ಟೀರಿಯೊಗೆ, ಹಾರ್ನಿಗೆ, ಮಿಣುಕುದೀಪಕ್ಕೆ ಎಳೆದ ಟೇಪು ಸುತ್ತಿದ ವೈರುಗಳನ್ನೆಲ್ಲ ಮೊದಲು ಕಿತ್ತುಹಾಕಿ. ಅರ್ಥ್ ವೈರು ಬಾಡಿಗೆ ಕೂರುವ ಜಾಗಗಳನ್ನು ಹೊಳೆಯುವ ತನಕ ಉಜ್ಜಿ. ಅರ್ಧ ದೋಷ ಅಲ್ಲೇ ಹೋಗುತ್ತದೆ. ಫ್ಯೂಸ್ ಪದೇ ಪದೇ ಹೋದರೆ ದೊಡ್ಡ ಫ್ಯೂಸ್ ಹಾಕಿ ಗೆಲ್ಲಲು ನೋಡಬೇಡಿ, ವೈರೇ ಹೊತ್ತಿಕೊಳ್ಳುತ್ತದೆ.

ತುಕ್ಕು ಮತ್ತು ಟಿಂಕರಿಂಗ್

ಟಿಂಕರಿಂಗ್, ಅಂದರೆ ಬಾಡಿಯ ತಗಡಿನ ಕೆಲಸ, ಮಾಡುವ ಭಾಯ್ ನಮ್ಮ ಕಾರನ್ನು ಕೆಳಗಿಂದ ನೋಡಿ ಎದ್ದು, ಕೈ ಒರೆಸಿಕೊಂಡು, "ಇದು ಕಾರಲ್ಲ ಸಾರ್, ಜರಡಿ" ಎಂದರು. ಆಮೇಲೆ ಹುಡುಗನ ಕೈಗೆ ವೈರ್ ಬ್ರಶ್ ಕೊಟ್ಟರು. ಅವರ ಷರತ್ತು ಅದು: ಕೆರೆಯುವ ಕೆಲಸ ನಿಮ್ಮದು, ಬೆಸೆಯುವುದು ನನ್ನದು. ನೀವೂ ಹೀಗೇ ಒಪ್ಪಂದ ಮಾಡಿಕೊಳ್ಳಿ. ವೆಲ್ಡಿಂಗ್ ಮೊದಲ ಕಾರಿನ ಮೇಲೆ ಕಲಿಯುವ ವಿದ್ಯೆಯಲ್ಲ. ಆದರೆ ಕೆರೆದು ಕೆರೆದು ಒಳ್ಳೆಯ ತಗಡು ಎಲ್ಲಿಂದ ಶುರುವಾಗುತ್ತದೆ ಎಂದು ಕಂಡುಕೊಂಡರೆ ಕೂಲಿಯೂ ಉಳಿಯುತ್ತದೆ, ಕಣ್ಣೂ ಪಳಗುತ್ತದೆ.

ಅಂಗೈಯಗಲದ ತೂತು ಕೆರೆದ ಮೇಲೆ ಊಟದ ತಟ್ಟೆಯಷ್ಟಾಯಿತು. ಹೀಗಾಗುತ್ತದೆ, ಗಾಬರಿ ಬೇಡ. ತುಕ್ಕಿನ ಮೇಲೇ ತಗಡು ಹೊದಿಸಿ ಬೆಸೆಯುವುದು, ಫೈಬರ್ ಅಂಟಿಸುವುದು, ಪುಟ್ಟಿ ತುಂಬುವುದು, ಮೂರೂ ಮೋಸ. ಒಂದು ಮಳೆಗಾಲ ಕಳೆದರೆ ಗುಳ್ಳೆ ಏಳುತ್ತದೆ. ಕೊಳೆತದ್ದನ್ನು ಕತ್ತರಿಸಿ ತೆಗೆದು, 20 ಗೇಜ್ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟಿನಲ್ಲಿ ಅದೇ ಆಕಾರ ಮಾಡಿ ಕೂರಿಸಬೇಕು. ಗ್ಯಾಸ್ ವೆಲ್ಡಿಂಗಿನ ಬಿಸಿಗೆ ತೆಳು ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಬಿಸಿ ಅಷ್ಟು ಹರಡದ ಸಿಒ2 ವೆಲ್ಡಿಂಗ್ ಇರುವವರನ್ನೇ ಹುಡುಕಿ. ಅದನ್ನೂ ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅಲ್ಲಿ, ತಣಿಯಲು ಬಿಟ್ಟು ಮಾಡಬೇಕು. ವೆಲ್ಡಿಂಗಿಗೆ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟಿರಬೇಕು, ಬ್ಯಾಟರಿ ಕಳಚಿರಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ರನ್ನಿಂಗ್ ಬೋರ್ಡ್ ಕತ್ತರಿಸುವುದಿದ್ದರೆ ಒಂದು ಸಲಕ್ಕೆ ಒಂದೇ ಬದಿ, ಬಾಗಿಲುಗಳನ್ನು ಕಳಚದೆ. ಬಾಗಿಲಿನ ಸಂದು ಸುತ್ತಲೂ ಒಂದೇ ಅಗಲ ಇದೆಯೇ ಎಂದು ನೋಡುತ್ತಿದ್ದರೆ ಬಾಡಿ ಜೋತು ಬೀಳುತ್ತಿದೆಯೇ ಎಂದು ತಿಳಿಯುತ್ತದೆ.

ಬೆಸೆದ ಮೇಲೆ ಅಂದೇ ಎಪಾಕ್ಸಿ ಪ್ರೈಮರ್, ಆಮೇಲೆ ಜೋಡಣೆಗಳಿಗೆಲ್ಲ ಸೀಲರ್, ಕೆಳಗಡೆ ಅಂಡರ್‌ಕೋಟಿಂಗ್. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಕಂಪನಿಯವರೇ ಬಿಟ್ಟ ತೂತುಗಳಿವೆ, ಅವನ್ನು ಕಡ್ಡಿ ಹಾಕಿ ಬಿಡಿಸಿ. ಅಂಡರ್‌ಕೋಟಿಂಗ್ ಹೊಡೆಯುವವರು ಅವನ್ನೇ ಮೊದಲು ಮುಚ್ಚುತ್ತಾರೆ, ನಿಂತು ನೋಡಿಕೊಳ್ಳಿ.

ಆರ್.ಟಿ.ಒ., ಆಮೇಲೆ ಬಣ್ಣ

ಎಂಟನೇ ತಿಂಗಳಿಗೆ ನಮ್ಮ ಕಾರು ತೇಪೆ ತೇಪೆಯಾಗಿ, ಪ್ರೈಮರ್ ಮೆತ್ತಿಕೊಂಡು, ಆದರೆ ಗಟ್ಟಿಮುಟ್ಟಾಗಿ ನಿಂತಿತ್ತು. ಮೂಲ ಬಿಳಿ ಬಣ್ಣವನ್ನು ತೇಪೆಗಳ ಮೇಲೆ ಒಂದು ಕೈ ಆಡಿಸಿ, ವಿಮೆ ಮಾಡಿಸಿ, ಲಾರಿ ಮೇಲೆ ಏರಿಸಿ ತಪಾಸಣೆಗೆ ಒಯ್ದೆವು. ಬ್ರೇಕು, ದೀಪ, ಇಂಡಿಕೇಟರ್, ಹಾರ್ನು, ವೈಪರ್, ಟೈರು, ಚಾಸಿಸ್ ನಂಬರ್, ಎಮಿಷನ್. ಹೊಗೆ ಪರೀಕ್ಷೆಗೆ ಹೋಗುವ ಮುನ್ನ ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಏರ್ ಫಿಲ್ಟರ್ ಹೊಸದಿರಲಿ.

ಬಣ್ಣ ಬದಲಿಸುವ ಮನಸ್ಸಿದ್ದರೆ ಆರ್.ಸಿ.ಯಲ್ಲೂ ಬದಲಿಸಬೇಕಾಗುತ್ತದೆ ಎಂಬುದು ನೆನಪಿರಲಿ. ನನ್ನ ಮಾತು ಕೇಳುವುದಾದರೆ ಕಾರು ಹುಟ್ಟಿದ ಬಣ್ಣವೇ ಇರಲಿ. ಅದರ ನಿಜವಾದ ಛಾಯೆ ಬಿಸಿಲು ಕಾಣದ ಕಡೆ, ಬಾಗಿಲ ಬೀಡಿಂಗ್ ಕೆಳಗೋ ಡಿಕ್ಕಿಯ ಮ್ಯಾಟಿನಡಿಯೋ ಉಳಿದಿರುತ್ತದೆ. ಅಲ್ಲಿಂದ ಹೊಂದಿಸಿ.

ಉಜ್ಜುವ ಕೆಲಸ ನಿಮ್ಮದೇ ಆಗಲಿ, ಬಣ್ಣದ ಬಿಲ್ಲಿನಲ್ಲಿ ದೊಡ್ಡ ಪಾಲು ಅದರದ್ದೇ. 80ರ ಉಜ್ಜುವ ಪೇಪರ್‌ನಿಂದ ಪುಟ್ಟಿ ತಗ್ಗಿಸಿ, 180, 320ಕ್ಕೆ ಬನ್ನಿ. ಬಣ್ಣದ ಕೆಳಗಿನ ಪದರವಾದ ಸರ್ಫೇಸರ್ ಹೊಡೆಸಿದ ಮೇಲೆ ಅದರ ಮೇಲೆ ಕರಿ ಬಣ್ಣವನ್ನು ತೆಳ್ಳಗೆ ಮಂಜಿನ ಹಾಗೆ ಸಿಂಪಡಿಸಿ, ನೀರು ಹಾಕಿಕೊಂಡು 600, 800ರಲ್ಲಿ ಉಜ್ಜಿ. ಎಲ್ಲಿ ಕರಿ ಉಳಿಯುತ್ತದೋ ಅಲ್ಲಿ ತಗ್ಗಿದೆ ಎಂದರ್ಥ. ಕಣ್ಣು ಮುಚ್ಚಿ ಅಂಗೈ ಸವರಿ ನೋಡುವುದು ಇನ್ನೂ ಒಳ್ಳೆಯ ಪರೀಕ್ಷೆ. ಸ್ಪ್ರೇ ಮಾತ್ರ ಬೂತ್ ಇರುವವರಿಗೆ ಬಿಡಿ. ಪಿ.ಯು. (ಪಾಲಿಯುರಿಥೇನ್) ಪೇಂಟಿನ ಹಾರ್ಡನರಿನಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುತ್ತದೆ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಶೆಡ್ಡಿನಲ್ಲಿ ಹೊಡೆಯುವಂಥದ್ದಲ್ಲ. ಕಾಲವನ್ನೂ ನೋಡಿ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು. ಜಿಟಿಜಿಟಿ ಮಳೆಯಲ್ಲಿ ಎನ್.ಸಿ. (ನೈಟ್ರೊಸೆಲ್ಯುಲೋಸ್) ಬಣ್ಣ ಹೊಡೆದರೆ ತೇವಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ.

ಗಾಜು ಕೂರಿಸುವ ದಿನ ರಜೆ ಹಾಕಿಯಾದರೂ ಅಲ್ಲಿರಿ. ಹೊಸ ರಬ್ಬರನ್ನು ಗಾಜಿನ ಸುತ್ತ ಹಾಕಿ, ಅದರ ತೋಡಿನಲ್ಲಿ ಗಟ್ಟಿ ನೂಲು ಕೂರಿಸಿ, ಸೋಪಿನ ನೀರು ಸವರಿ, ಹೊರಗಿನಿಂದ ಒಬ್ಬರು ಅಂಗೈಯಿಂದ ಒತ್ತುತ್ತಿದ್ದಂತೆ ಒಳಗಿನಿಂದ ಇನ್ನೊಬ್ಬರು ನೂಲು ಎಳೆಯುತ್ತಾ ಬರುತ್ತಾರೆ. ರಬ್ಬರಿನ ತುಟಿ ಇಂಚಿಂಚಾಗಿ ಅಂಚು ದಾಟಿ ಒಳಗೆ ಮಗುಚುತ್ತದೆ. ಕೊನೆಯ ಮೂಲೆ ಟಪ್ ಎಂದು ಕೂತಾಗ ಹುಡುಗ ಹಿಡಿದಿದ್ದ ಉಸಿರು ಬಿಟ್ಟ.

ಆರ್.ಸಿ. ಬಂದು, ಬಣ್ಣವಾಗಿ, ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಕಾರನ್ನು ಹೊರಗೆ ತೆಗೆದೆವು. ಹನುಮಂತನಗರದಿಂದ ರಾಮಕೃಷ್ಣ ಆಶ್ರಮದ ಮುಂದೆ ಹಾಯ್ದು ಲಾಲ್‌ಬಾಗ್ ಪಶ್ಚಿಮ ದ್ವಾರದವರೆಗೆ ಹೋಗಿ, ಒಂದು ಕಾಫಿ ಕುಡಿದು ವಾಪಸ್. ಮೂರನೇ ಗೇರಿನಿಂದ ಮೇಲೆ ಹಾಕಲಿಲ್ಲ. ಮೊದಲ ಓಡಾಟದಲ್ಲಿ ಹಾಡು ಹಾಕಬೇಡಿ, ಕಾರಿನ ಸದ್ದು ಕೇಳಿಸಿಕೊಳ್ಳಿ. ಬಂದ ಮೇಲೆ ನಾಲ್ಕೂ ಚಕ್ರದ ನಡುವನ್ನು ಎಚ್ಚರದಿಂದ ಮುಟ್ಟಿ ನೋಡಿ, ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ನಾವೂ ಹಾಸಿದ್ದೆವು. ಬೆಳಿಗ್ಗೆ ಅದರ ಮೇಲೆ ಎಂಟಾಣೆಯಗಲದ ಒಂದು ಕರಿ ಚುಕ್ಕೆ. ಹುಡುಗ ಬಗ್ಗಿ ಬೆರಳಲ್ಲಿ ತೀಡಿ, ಮೂಸಿ, "ಇಂಜಿನ್ ಆಯಿಲ್ಲೇ ಚಿಕ್ಕಪ್ಪ, ಡ್ರೈನ್ ಬೋಲ್ಟಿನ ವಾಷರ್ ಇರ್ಬೇಕು" ಎಂದ. ಶನಿವಾರ ಜೆ.ಸಿ. ರಸ್ತೆಗೆ ಹೋಗುವಾಗ ಹಳೆ ವಾಷರನ್ನು ಜೇಬಿಗೆ ಹಾಕಿಕೊಂಡ.